ಬೇಸಿಗೆಯಲ್ಲಿ ಅಟ್ಟಕ್ಕೆ ಹೊಗೆ

ನಗೋ ಹೆಂಗಸನ್ನ ನಂಬಬಾರದು, ಅಳೋ ಗಂಡಸನ್ನ ನಂಬಬಾರದು ಅಂತ ಗಾದೆ ಇದೆಯಲ್ಲ, ಅದರ ಮೊದಲರ್ಧ ಕಟ್ಟಿದವನು ಯಾವನೋ ಕೆಲಸಕ್ಕೆ ಬಾರದವನು ಇರಬೇಕು. ಎರಡನೇ ಅರ್ಧ ಮಾತ್ರ ನಂಗೆ ಬಹಳ ವರ್ಷ ವೇದವಾಕ್ಯ. ಹಂಗಂತ ಅಳದೇ ಇರೋ ಗಂಡಸನ್ನ ನಂಬಿದ್ನಾ ಅಂದ್ರೆ ಅದೂ ಇಲ್ಲ. ನಾನು ಯಾರನ್ನೂ ಸುಲಭಕ್ಕೆ ನಂಬೋಳಲ್ಲ. ಅಂಗಡಿಯವನು ಬೇಳೆ ತೂಗುವಾಗ ಎಲ್ಲರೂ ತಕ್ಕಡಿ ನೋಡ್ತಾರೆ, ನಾನು ಅವನ ಮುಖ ನೋಡ್ತೀನಿ. ನಮ್ಮಮ್ಮ ಇರೋವರೆಗೂ "ಇವಳು ಹುಟ್ಟಿದ ತಕ್ಷಣ ಸೂಲಗಿತ್ತೀನೇ ಕೆಕ್ಕರಿಸ್ಕೊಂಡು ನೋಡಿದ್ಲು" ಅಂತ ಬಂದೋರಿಗೆಲ್ಲ ಹೇಳಿ ನಗ್ತಿದ್ರು.

ಇಂಥ ನಂಗೆ ಶಿವ ಕೊಟ್ಟಿದ್ದು ಮಾತೇ ಇಲ್ಲದ ಗಂಡನ್ನ. ಊಟ ಬಡಿಸ್ಲಾ ಅಂದ್ರೆ "ಹೂಂ." ಆಮೇಲೆ ಬಡಿಸ್ಲಾ ಅಂದ್ರೂ "ಹೂಂ." ಬೆಳಗೆದ್ದು ವಿಭೂತಿ ಹಚ್ಚಿ ಪೂಜೆ ಮಾಡಿದ್ರೆ ಆಯ್ತು, ಆಮೇಲೆ ತೋಟ, ದನ, ತೋಟ. ಮಾತಾಡದೇ ಇರೋರ ಹೊಟ್ಟೆಯೊಳಗೆ ಏನಿದೆ ಅಂತ ಹೆಂಗೆ ತಿಳಿಯೋದು ಹೇಳಿ? ಅನುಮಾನ ಬೆಳೆಯೋಕೆ ಇದಕ್ಕಿಂತ ಒಳ್ಳೆ ಮಣ್ಣು ಬೇಕಾ?

ಆ ಅನುಮಾನದ ಬೇರು ಎಲ್ಲಿದೆ ಅಂತಾನೂ ಹೇಳಿಬಿಡ್ತೀನಿ. ಮದುವೆಯಾದ ಹೊಸತರಲ್ಲಿ ನಮಗೊಂದು ಗಂಡುಕೂಸು ಹುಟ್ಟಿ, ಹೆಸರಿಡೋ ಮುಂಚೇನೇ ಹೋಗಿಬಿಡ್ತು. ಹಸೀ ಬಾಣಂತಿ ನಾನು, ಎದೆ ಬಡ್ಕೊಂಡು ಅತ್ತೆ. ಇವರು ಕೂಸನ್ನ ಪಂಚೇಲಿ ಸುತ್ತಿ, ಯಾರೂ ಜೊತೆಗೆ ಬರೋದು ಬೇಡ ಅಂತ ಹೇಳಿ, ತೋಟದ ಬದುವಿಗೆ ಮಣ್ಣು ಮಾಡೋಕೆ ಎತ್ಕೊಂಡು ಹೋದ್ರು. ಬೆಳಗ್ಗೆ ಹೋದವರು ದನ ಮನೆಗೆ ಬರೋ ಹೊತ್ತಿಗೆ ಬಂದ್ರು. ಅಷ್ಟು ಚಿಕ್ಕ ಗುಂಡಿ ತೋಡೋಕೆ ಅಷ್ಟು ಹೊತ್ತಾ? "ಎಲ್ಲಿ ಕೂತಿದ್ರಿ?" ಅಂದೆ. ಮಾತಿಲ್ಲ. ಕಣ್ಣಲ್ಲಿ ಒಂದು ಹನಿ ಇಲ್ಲ. ಕೈಕಾಲು ತೊಳ್ಕೊಂಡು ದನಕ್ಕೆ ಹುಲ್ಲು ಹಾಕೋಕೆ ಹೋದ್ರು. ಕಿಬ್ಬನಹಳ್ಳಿ ಕ್ರಾಸಿನ ಹೋಟ್ಲಲ್ಲಿ ಕೂತು ಟೀ ಕುಡಿದು ಬಂದಿರ್ತಾರೆ, ಕಲ್ಲು ಮನುಷ್ಯ ಅಂದ್ಕೊಂಡೆ. ಆಮೇಲೆ ಹೆಣ್ಣುಮಕ್ಕಳು ಹುಟ್ಟಿದ್ರು, ಬೆಳೆದ್ರು, ಮದುವೆಯಾಗಿ ಹೋದ್ರು. ಮೂವತ್ತು ವರ್ಷ ಆದ್ರೂ ಆ ಪ್ರಶ್ನೆ ಮಾತ್ರ ನನ್ನ ಬಿಟ್ಟು ಹೋಗಲಿಲ್ಲ.

ಇವರಿಗೆ ಒಬ್ಬ ಜೊತೆಗಾರ. ಸ್ಕೂಲಿನ ಬೆಂಚಿನಿಂದ ಬಂದ ಸ್ನೇಹ. ಕ್ರಾಸಿನ ಹತ್ರ ಹಿಟ್ಟಿನ ಮಿಲ್ಲು ಇಟ್ಟಿದ್ರಿಂದ ನಾನು ಅವರನ್ನ ಮಿಲ್ಲಿನಣ್ಣ ಅಂತಿದ್ದೆ. ಮಿಲ್ಲಿನ ಸದ್ದಲ್ಲೇ ಬದುಕಿದ ಮನುಷ್ಯ, ಎಲ್ಲರ ಹತ್ರಾನೂ ಕೂಗಿ ಕೂಗಿ ಮಾತು. ಅವರು ಗುಟ್ಟು ಹೇಳಿದ್ರೆ ಬಸ್ಸಿಗೆ ಕಾಯೋರಿಗೆಲ್ಲ ಕೇಳಿಸ್ತಿತ್ತು. ಹೋದ ವರ್ಷ ಕಾರ್ತೀಕದಲ್ಲಿ ಅವರ ಹೆಂಡ್ತಿ ಕಾಯಿಲೆಯಿಂದ ತೀರಿಕೊಂಡ್ಲು. ಬಂದೋರೆಲ್ಲ "ಗಂಡಸಾಗಿ ಹಿಂಗೆ ಕೂತ್ರೆ ಹೆಂಗಪ್ಪ, ಎದೆ ಗಟ್ಟಿ ಮಾಡ್ಕೋ" ಅಂತ ಬೆನ್ನು ತಟ್ಟಿ ಹೋದ್ರು. ಮಿಲ್ಲಿನ ಬಾಗಿಲು ಮುಚ್ಚಿತು, ಅವರ ಬಾಯೂ ಮುಚ್ಚಿತು.

ಅದಾಗಿ ಸ್ವಲ್ಪ ದಿನಕ್ಕೆ ಶುರುವಾಯ್ತು ನೋಡಿ ಈ ಹೊಸ ಆಟ. ದಿನಾ ಮಧ್ಯಾಹ್ನ ಊಟ ಆದ ಮೇಲೆ ಮಿಲ್ಲಿನಣ್ಣ ಬರೋದು, ಇಬ್ಬರೂ ಮಾತಿಲ್ಲದೆ ಹಿತ್ತಲಿನ ಕೊಬ್ಬರಿ ಅಟ್ಟಕ್ಕೆ ಏಣಿ ಹತ್ತೋದು. ಬಿಸಿಲು ಇಳಿಯೋವರೆಗೂ ಇಳಿಯೋದಿಲ್ಲ. ಕೇಳಿದ್ರೆ ಇವರು "ಕಾಯಿ ನೋಡ್ತಿದ್ವಿ" ಅಂದ್ರು. ಅಟ್ಟದ ಮೇಲೆ ಕಾಯಿ ನೋಡೋಕೆ ಏನಿದೆ, ಕರ್ಮ? ಸಿಪ್ಪೆ ಸಮೇತ ಒಂದು ವರ್ಷ ಹತ್ರ ಹತ್ರ ಬಿದ್ದಿರ್ತವೆ. ಒಳಗಿನ ನೀರು ಇಂಗಿ, ಕೊಬ್ಬರಿ ಉಂಡೆಯಾಗಿ ಬಿಟ್ಟುಕೊಂಡು ಗಡಗಡ ಅನ್ನೋವರೆಗೂ ಯಾರೂ ಮುಟ್ಟಬಾರದು. ಅದು ನಮ್ಮ ಕಡೆ ಹಾಲು ಕುಡಿಯೋ ಮಗೂಗೂ ಗೊತ್ತು.

ಮೊದಲು ಕುಡಿತ ಅಂದ್ಕೊಂಡೆ. ಇಳಿದು ಬಂದಾಗ ಮಜ್ಜಿಗೆ ಕೊಡೋ ನೆಪದಲ್ಲಿ ಹತ್ರ ಹೋಗಿ ಮೂಸಿ ನೋಡಿದೆ. ಎಲೆ ಅಡಿಕೆ ವಾಸನೆ ಬಿಟ್ರೆ ಏನಿಲ್ಲ. ಇಸ್ಪೀಟು ಅಂದ್ರೆ ಇಬ್ಬರೇ ಏನು ಆಡ್ತಾರೆ? ಮೊಬೈಲಲ್ಲಿ ಏನಾದ್ರೂ ನೋಡಬಾರದ್ದು ನೋಡ್ತಾರಾ ಅಂದ್ರೆ, ಇಬ್ಬರ ಮೊಬೈಲೂ ನಮ್ಮ ಜಗಲಿ ಮೇಲೇ ಬಿದ್ದಿರ್ತಿದ್ವು. ಅದು ಇನ್ನೂ ಅನುಮಾನ. ಈ ಕಾಲದಲ್ಲಿ ಮೊಬೈಲು ಬಿಟ್ಟು ಎಲ್ಲಿಗೆ ಹೋದ್ರೂ ಏನೋ ಇದೆ ಅಂತಾನೇ ಅರ್ಥ.

ಕೊನೆಗೆ ಪೊರಕೆ ಹಿಡ್ಕೊಂಡು ಅಟ್ಟದ ಕೆಳಗೆ ಹೋಗಿ ನಿಂತೆ. ಕೆಳಗೆ ಸೌದೆ, ಒಣಗಿದ ತೆಂಗಿನ ಸಿಪ್ಪೆ, ಮುರಿದ ಗಾಡಿ ಚಕ್ರ ಹಾಕಿರ್ತೀವಿ. ಮೇಲಿನ ನೆಲ ಅಡಿಕೆ ಮರ ಸೀಳಿದ ದಬ್ಬೆದು, ಗಾಳಿ ಆಡ್ಲಿ ಅಂತ ಸಂದು ಬಿಟ್ಟಿರ್ತಾರೆ. ಮಾತು ಸಲೀಸಾಗಿ ಇಳಿದು ಬರ್ತದೆ.

"ಅವಳನ್ನ ಬಿಟ್ಟು ನಾನು ವಾಪಸ್ ಬರಾಕಿಲ್ಲ ಕಣ್ಲಾ" ಅಂತ ಮಿಲ್ಲಿನಣ್ಣನ ದನಿ. ಸಣ್ಣಗೆ, ಸೊರಗಿ ಹೋದ ದನಿ.

"ಬಿಟ್ಟು ಬಾ ಅಂತ ಯಾವನು ಅಂದ? ಇಬ್ರೂ ಹೋಗಾಣ. ಕತ್ತಿ ಇಲ್ಲೇ ಬುಡು. ಏಳು ಬಾಗ್ಲಿಗೂ ಕತ್ತಿ ಬೇಕಾಗಿಲ್ಲ" ಅಂದ್ರು ಇವರು.

ಅಯ್ಯೋ ಶಿವನೇ! ಹೆಂಗಸು, ಕತ್ತಿ, ಏಳು ಬಾಗಿಲು. ಪೊರಕೆ ಅವುಚಿಕೊಂಡು ಇನ್ನಷ್ಟು ಹತ್ರ ಸರಿದೆ. ಆಮೇಲೆ ಮಂಜಿನ ಸಮುದ್ರ ಬಂತು, ಮಾತಾಡೋ ಕಲ್ಲು ಬಂತು, ಬೆಟ್ಟದಷ್ಟು ಎತ್ತರದ ರಾಕ್ಷಸಿ ಬಂದ್ಲು. ಕಥೆ! ಮೀಸೆ ನರೆತ ಇಬ್ಬರು ಗಂಡಸರು ಕೊಬ್ಬರಿ ಅಟ್ಟದ ಮೇಲೆ ಕೂತು ಅಜ್ಜಿಕಥೆ ಹೇಳ್ಕೊಳ್ತಿದ್ರು. ಹೇಳ್ತಿದ್ದವರು ಇವರು. ನಂಗೆ "ಹೂಂ" ಬಿಟ್ಟು ಇನ್ನೊಂದು ಮಾತು ಕೊಡದ ಈ ಮಹಾನುಭಾವರು ಹೊಳೆ ಹರಿದಂಗೆ ಕಥೆ ಹೇಳ್ತಿದ್ರು! ಆ ಮಾತೆಲ್ಲ ಇಷ್ಟು ವರ್ಷ ಎಲ್ಲಿಟ್ಟಿದ್ರು? ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ.

ಮಾರನೇ ದಿನದಿಂದ ಮಧ್ಯಾಹ್ನ ಆಗೋದೇ ತಡ, ಅಟ್ಟದ ಕೆಳಗೆ ನಂಗೆ ಎಲ್ಲಿಲ್ಲದ ಗುಡಿಸೋ ಕೆಲಸ. ಕಥೆಯಲ್ಲಿ ಒಬ್ಬ ರಾಜಕುಮಾರ, ಒಬ್ಬ ಮಂತ್ರಿ ಮಗ. ರಾಜಕುಮಾರನ ರಾಣಿ ಬಿಸಿಲೇ ಬೀಳದ ಊರಲ್ಲಿ ಮಲಗಿಬಿಟ್ಟಿದ್ದಾಳೆ. ಅವಳನ್ನ ನೋಡಬೇಕಾದ್ರೆ ಏಳು ಬಾಗಿಲು ದಾಟಬೇಕು. ಒಂದೊಂದು ಬಾಗಿಲೂ ಒಂದೊಂದು ನಿಜ ಹೇಳಿದ್ರೇ ತೆಗೆಯೋದು. ನಮ್ಮಜ್ಜಿ ಹೇಳ್ತಿದ್ದ ಕಥೇಲಿ ರಾಜಕುಮಾರ ಅಂದ್ರೆ ಕುದುರೆ ಹತ್ತಿದ, ರಾಕ್ಷಸನ ತಲೆ ಕಡಿದ, ಅರ್ಧ ರಾಜ್ಯ ತಗೊಂಡ, ಮುಗೀತು. ಅವನ ಗೆಳೆಯ ಅನ್ನೋನು ಕುದುರೆ ಹಿಡ್ಕೊಂಡು ನಿಲ್ಲೋಕೆ ಮಾತ್ರ. ಇಲ್ಲಿ ನೋಡಿದ್ರೆ ಮಂತ್ರಿ ಮಗ ರಾಜಕುಮಾರನ ಕಾಲಿನ ಗಾಯಕ್ಕೆ ಅರಿಶಿನ ಕಟ್ತಾನೆ, ಅಂಬಲಿ ಕಾಯಿಸಿ ಕುಡಿಸ್ತಾನೆ, ನಡೆಯೋಕಾಗದಿದ್ರೆ ಬೆನ್ನ ಮೇಲೆ ಹೊತ್ಕೋತಾನೆ. ರಾಜಕುಮಾರನೋ, ಬಾಗಿಲ ಮುಂದೆ ನಿಂತು "ನಂಗೆ ಭಯ ಆಯ್ತದೆ" ಅಂತಾನೆ, ಬಾಗಿಲು ತೆರ್ಕೊಳ್ಳುತ್ತೆ. ಇದೆಂಥ ಗಂಡಸರಪ್ಪ! ಎರಡು ಒದ್ದು ಬಾಗಿಲು ಮುರೀಬಾರದಾ ಅಂತ ನಂಗೆ ಕೆಳಗೆ ನಿಂತು ಕೈ ಕಡೀತಿತ್ತು.

ಒಂದು ವಿಷಯ ಗಮನಿಸಿದೆ. ಬಾಗಿಲ ಮುಂದೆ ನಿಜ ಹೇಳೋ ಸರದಿ ಬಂದಾಗೆಲ್ಲ ಇವರು ಸುಮ್ಮನಾಗೋರು, ಮಿಲ್ಲಿನಣ್ಣ ಹೇಳೋರು. "ರಾಜಕುಮಾರ ಅಂದ, ಅವಳು ಆಸ್ಪತ್ರೇಲಿ ನೀರು ಕೇಳ್ದಾಗ ನಾನು ಹೊರಗೆ ನಿಂತಿದ್ದೆ, ನಂಗೆ ಅವಳ ಮುಖ ನೋಡಾಕೆ ಆಗ್ತಿರ್ಲಿಲ್ಲ." ರಾಜಕುಮಾರನ ಕಥೇಲಿ ಆಸ್ಪತ್ರೆ ಎಲ್ಲಿಂದ ಬಂತು? ಅಷ್ಟು ಹೇಳಿ ಮಿಲ್ಲಿನಣ್ಣ ಅಳೋಕೆ ಶುರು ಮಾಡೋರು. ಬಿಕ್ಕಿ ಬಿಕ್ಕಿ, ಮಕ್ಕಳ ಹಂಗೆ.

ಅಳೋ ಗಂಡಸು! ನನ್ನ ಕಿವಿ ನೆಟ್ಟಗಾಯ್ತು. ಬೆಂಕಿ ಇಲ್ಲದೆ ಹೊಗೆ ಆಡುತ್ತಾ? ಹೆಂಡ್ತಿ ಸತ್ತಾಗ ಜನದ ಮುಂದೆ ಅಳದವನು ನಮ್ಮ ಅಟ್ಟದ ಮೇಲೆ ಬಂದು ಅಳ್ತಾನೆ ಅಂದ್ರೆ ಏನರ್ಥ? ಅತ್ತು ಕರೆದು, ಹಿಂಗೇ ಮನಸ್ಸು ಕರಗಿಸಿ, ಒಂದು ದಿನ ಬೋರ್‌ವೆಲ್ ಪಕ್ಕದ ತೋಟ ಬರೆಸ್ಕೊಳ್ತಾನೆ ಅಂತ ಲೆಕ್ಕ ಹಾಕಿದೆ. ಇವರೋ ಒಂದು "ಹೂಂ" ಅಂದು ರುಜು ಹಾಕೋ ಆಸಾಮಿ.

ಹಾವೂ ಸಾಯಬಾರದು, ಕೋಲೂ ಮುರೀಬಾರದು. ಬೇರೆ ಊರಿನ ಹೆಂಗಸಾಗಿದ್ರೆ ಏಣಿ ಹತ್ತಿ ಜಗಳ ಆಡ್ತಿದ್ಲೇನೋ. ನಾನು ಅಟ್ಟಕ್ಕೆ ಹೊಗೆ ಹಾಕಿದೆ. ಮಳೆಗಾಲದಲ್ಲಿ ಶೀತಕ್ಕೆ ಕಾಯಿ ಕೊಳೆಯದೇ ಇರ್ಲಿ ಅಂತ ಕೆಳಗೆ ಹಸಿ ಸಿಪ್ಪೆ ಸುಟ್ಟು ಹೊಗೆ ಹಾಕೋದು ನಮ್ಮಲ್ಲಿ ಉಂಟು. ಬೇಸಿಗೆಯಲ್ಲಿ ಹಾಕಿದ್ರೆ ಕೊಬ್ಬರಿ ಬಣ್ಣ ಕೆಟ್ಟು ಕಪ್ಪಾಗ್ತದೆ, ತಿಪಟೂರು ಮಾರ್ಕೆಟ್ಟಲ್ಲಿ ಮೂಗು ಮುರೀತಾರೆ. ಯುಗಾದಿ ಹತ್ರ ಬಂದಿತ್ತು, ಉರಿಬಿಸಿಲು. ನಾನು ನೀರು ಚಿಮುಕಿಸಿ ಸಿಪ್ಪೆ ಗುಡ್ಡೆ ಹಾಕಿ ಕಡ್ಡಿ ಗೀರಿದೆ. ಕಥೆ ಸರಿಯಾಗಿ ಏಳನೇ ಬಾಗಿಲಿಗೆ ಬಂದಿತ್ತು.

ಕೆಮ್ಮುತ್ತಾ ಇಬ್ಬರೂ ಏಣಿ ಇಳಿದ್ರು.

"ಬುದ್ಧಿ ನೆಟ್ಟಗೈತೇನೇ? ಬ್ಯಾಸಗೇಲಿ ಯಾರಾನಾ ಹೊಗೆ ಹಾಕ್ತಾರಾ?" ಅಂತ ಇವರು ಕೂಗಾಡಿದ್ರು. ಇವರು ಕೂಗಾಡಿದ್ದು ನಾನು ಅದೇ ಮೊದಲು ಕಂಡಿದ್ದು.

ನಾನು ಇವರ ಕಡೆ ನೋಡಲೇ ಇಲ್ಲ. "ಏನಣ್ಣ, ಕಣ್ಣೆಲ್ಲ ಕೆಂಪಗಾಗಿದೆ?" ಅಂತ ಮಿಲ್ಲಿನಣ್ಣನ್ನ ಕೇಳಿದೆ.

"ಹೊಗೆ ಕಣಕ್ಕ" ಅಂತ ಟವಲಲ್ಲಿ ಮುಖ ಒರೆಸ್ಕೊಂಡ್ರು.

"ಹೊಗೆ ಹಾಕಿದ್ದು ಈಗ. ನೀವು ಅಳ್ತಿದ್ದದ್ದು ಆಗ್ಲಿಂದ. ನಮ್ಮ ಮನೆ ಅಟ್ಟಕ್ಕೆ ಬಂದು ಅಳೋವಂಥದ್ದು ಏನಿದೆ ಅಂತ ನಂಗೂ ಸ್ವಲ್ಪ ಹೇಳಿ."

ಮಿಲ್ಲಿನಣ್ಣನ ಮುಖದಲ್ಲಿ ರಕ್ತ ಇಳಿದು ಹೋಯ್ತು. ಚಪ್ಪಲಿ ಅಲ್ಲೇ ಬಿಟ್ಟು ಆ ಸುಡೋ ಮಣ್ಣಿನ ಮೇಲೆ ಬರಿಗಾಲಲ್ಲಿ ನಡ್ಕೊಂಡು ಹೋಗಿಬಿಟ್ರು.

ಇವರು ಬಿಂದಿಗೆ ನೀರು ಸುರಿದು ಬೆಂಕಿ ಆರಿಸಿದ್ರು. ಆಮೇಲೆ ಗಾಡಿ ಚಕ್ರದ ಮೇಲೆ ಕೂತು, ನನ್ನ ಮುಖ ನೋಡದೇ ಹೇಳಿದ್ರು. ಕಾರ್ತೀಕ ಕಳೆದ ಮೇಲೆ ಒಂದು ದಿನ ಮಿಲ್ಲಿನಣ್ಣ ನಮ್ಮ ತೋಟದ ಹಾಳು ಬಾವಿ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂತಿದ್ರಂತೆ. ಯಾಕೆ ಕೂತಿದ್ರು ಅಂತ ಕೇಳಬೇಕಾಗೇ ಇರಲಿಲ್ಲವಂತೆ. ಇವರಿಗೆ ಏನು ಹೇಳಬೇಕೋ ತೋಚದೆ, ಸ್ಕೂಲಿನ ದಿನದಲ್ಲಿ ದನ ಕಾಯುವಾಗ ಇಬ್ಬರೂ ಸೇರಿ ಕಟ್ಟಿ ಅರ್ಧಕ್ಕೆ ಬಿಟ್ಟಿದ್ದ ಕಥೆ ನೆನಪಾಗಿ, ಅದನ್ನೇ ಶುರು ಮಾಡಿದ್ರಂತೆ.

"ಕಥೆ ಮುಗಿಯಾಗಂಟ ಬಾವಿ ಕಡೆ ಹೋಗಾಕಿಲ್ಲ ಅಂತ ಆಣೆ ಮಾಡವ್ನೆ. ಅದಕ್ಕೇ ನಾನು ಮುಗಿಸ್ದಂಗೆ ಎಳೀತಾ ಇದ್ದೆ" ಅಂದ್ರು. "ಅಳಾಕೆ ಅವ್ನಿಗೆ ಇನ್ನೆಲ್ಲೂ ಜಾಗ ಇಲ್ಲ ಕಣೇ. ಕಥೆಯೊಳಗೆ ಅತ್ರೆ ರಾಜಕುಮಾರ ಅತ್ತಂಗೆ."

ಆದ್ರೆ ನನ್ನ ಅನುಮಾನ ಪೂರ್ತಿ ಹೋಯ್ತು ಅಂತ ತಿಳ್ಕೋಬೇಡಿ. ಅದು ಜಾಗ ಬದಲಾಯಿಸ್ತು ಅಷ್ಟೆ. ಈಗ ಭಯ, ಆ ಮನುಷ್ಯ ಏನು ಮಾಡ್ಕೋತಾನೋ ಅಂತ.

ಮಾರನೇ ದಿನ ಮಿಲ್ಲಿನಣ್ಣ ಬರಲಿಲ್ಲ. ಇವರೇ ಅವರ ಮನೆಗೆ ಹೋದ್ರೆ, ಬಾಗಿಲು ತೆಗೆಯದೆ ಒಳಗಿಂದಲೇ "ಮುಗೀತು ಬುಡ್ಲಾ, ಕಥೆ ಸಾಕು" ಅಂದ್ರಂತೆ. ಇವರು ವಾಪಸ್ ಬಂದು ಮುದ್ದೆ ಮುಟ್ಟಲಿಲ್ಲ. ಸೀದಾ ತೋಟಕ್ಕೆ ಹೋಗಿ ಹಾಳು ಬಾವಿ ಹತ್ರ ಟವಲು ಹಾಸಿ ಕಾವಲು ಕೂತ್ರು. ಆ ಬಾವಿ ಒಂದೇನಾ ಊರಲ್ಲಿ? ಎಷ್ಟು ಅಂತ ಕಾಯ್ತಾರೆ?

ಅದನ್ನ ನೋಡಿ ನಂಗೆ ತಡೆಯೋಕಾಗಲಿಲ್ಲ. ಚೀಲದಲ್ಲಿ ರಾಗಿ ತುಂಬಿ, ಮಿಲ್ಲಿನಣ್ಣನ ಚಪ್ಪಲಿ ಇನ್ನೊಂದು ಕೈಲಿ ಹಿಡ್ಕೊಂಡು ಕ್ರಾಸಿಗೆ ನಡೆದೆ. ಮಿಲ್ಲಿನ ಮುಚ್ಚಿದ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ರು. ಗಡ್ಡ ಬೆಳೆದಿತ್ತು. ನನ್ನ ಕಂಡು ಎದ್ದು ಮನೆ ಕಡೆ ಹೋಗೋಕೆ ನೋಡಿದ್ರು.

"ಕೂತ್ಕೊಳ್ಳಿ ಅಣ್ಣ. ನಾನೇನು ಜಗಳಕ್ಕೆ ಬಂದಿಲ್ಲ. ಕಥೆ ಕೇಳೋಕೆ ಬಂದೆ" ಅಂದೆ. "ಅರ್ಧಕ್ಕೆ ನಿಲ್ಲಿಸಿಬಿಟ್ರಿ. ನಂಗೆ ಅನ್ನ ಸೇರ್ತಿಲ್ಲ. ಆ ಏಳನೇ ಬಾಗಿಲು ತೆಗೀತೋ ಇಲ್ವೋ?"

"ನೀನು ಕೇಳಿಸ್ಕೊಂಡ್ಯಾ ಅಕ್ಕ?"

"ಮೊದಲಿಂದ್ಲೂ. ನೀವು ಕೂತಿದ್ದ ಅಟ್ಟದ ಕೆಳಗೆ ಗುಡಿಸಿ ಗುಡಿಸಿ ನೆಲ ಗುಂಡಿ ಬಿದ್ದಿದೆ." ಅವರ ಮುಖ ಸ್ವಲ್ಪ ಸಡಿಲ ಆಯ್ತು. ನಾನು ಬಿಡಲಿಲ್ಲ. "ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ಮಂತ್ರಿ ಮಗನ ಮೇಲೆ ನಂಗೆ ಅನುಮಾನ. ಎಲ್ಲಾ ಬಾಗಿಲಲ್ಲೂ ರಾಜಕುಮಾರನ ಕೈಲೇ ನಿಜ ಹೇಳಿಸ್ತಾನೆ. ತಾನು ಒಂದಾದ್ರೂ ಹೇಳಿದ್ನಾ? ಏಳನೇ ಬಾಗಿಲ ಹತ್ರ ಕೈ ಕೊಟ್ಟು ಓಡಿ ಹೋಗ್ತಾನೆ, ನೋಡ್ತಿರಿ."

ಮಿಲ್ಲಿನಣ್ಣನಿಗೆ ರೋಷ ಬಂತು. ಹೆಂಡ್ತಿ ಹೋದ ಮೇಲೆ ಆ ಮುಖದಲ್ಲಿ ನಾನು ಜೀವ ಕಂಡಿದ್ದು ಆಗ್ಲೇ.

"ಅವನು ಅಂಥೋನಲ್ಲ ಕಣಕ್ಕ!" ಅಂತ ಹಳೇ ದನೀಲಿ ಕೂಗಿದ್ರು. ಬಸ್ಸಿಗೆ ನಿಂತಿದ್ದೋರು ತಿರುಗಿ ನೋಡಿದ್ರು. "ಬಾವಿ ಕಟ್ಟೆ ಮೇಲೆ ನನ್ನ ಪಕ್ಕದಾಗೇ ಕಾಲು ಇಳಿಬಿಟ್ಕೊಂಡು ಕೂತ. ಕೈ ಹಿಡೀಲಿಲ್ಲ, ಬುದ್ಧಿ ಹೇಳ್ಲಿಲ್ಲ. 'ಹಾರೋದಾದ್ರೆ ಹೇಳಿ ಹಾರಪ್ಪ, ಕಥೆ ನಿಲ್ಲುಸ್ತೀನಿ' ಅಂದ. ಅವನು ನನ್ನ ಬಿಟ್ಟು ಓಡೋಗ್ತಾನಾ?"

'ರಾಜಕುಮಾರನ್ನ' ಅನ್ನೋ ಜಾಗದಲ್ಲಿ 'ನನ್ನ' ಅಂದಿದ್ದು ಅವರಿಗೇ ಗೊತ್ತಾಗಲಿಲ್ಲ. ನಾನು ತಂದಿದ್ದ ಚಪ್ಪಲಿ ಎಳ್ಕೊಂಡು ಮೆಟ್ಟಿಕೊಂಡ್ರು. ಆಮೇಲೆ ಮೆಲ್ಲಗೆ, "ಆದ್ರೆ ನೀನು ಅಂದಿದ್ದು ದಿಟ. ಅವನು ಒಂದೂ ಹೇಳಿಲ್ಲ" ಅಂದ್ರು.

ಎದ್ದು ಬೀಗ ತೆಗೆದ್ರು. ಒಳಗೆ ಜೇಡರ ಬಲೆ. ಸ್ವಿಚ್ಚು ಹಾಕಿದ್ರೆ ಮಿಷನ್ನು ಎರಡು ಸಲ ಮುಲುಗಿ, ಆಮೇಲೆ ಹಿಡ್ಕೊಂಡಿತು. "ಮೊದಲು ಬೀಳೋ ಹಿಟ್ಟು ದನಕ್ಕೆ ಹಾಕು, ಕಲ್ಲಲ್ಲಿ ಹಳೇದು ಕೂತದೆ" ಅಂತ ಆ ಸದ್ದಿನ ಮೇಲೆ ಕೂಗಿ ಹೇಳಿದ್ರು. ಬಿಸಿ ಹಿಟ್ಟಿನ ಚೀಲ ಸೊಂಟಕ್ಕೆ ಇಟ್ಕೊಂಡು ಮನೆಗೆ ಬಂದೆ. ಇವರಿಗೆ ಏನೂ ಹೇಳಲಿಲ್ಲ. ಹೇಳದೇ ಇರೋದು ನಂಗೂ ಬರ್ತದೆ.

ಮಾರನೇ ಮಧ್ಯಾಹ್ನ ಮಿಲ್ಲಿನಣ್ಣ ಬಂದ್ರು. ಇವರು ಎದ್ದ ರಭಸಕ್ಕೆ ಮಜ್ಜಿಗೆ ಲೋಟ ಉರುಳಿತು. ಇಬ್ಬರೂ ಏಣಿ ಹತ್ತಿದ್ರು. ನಾನು ಪೊರಕೆ ತಗೊಂಡೆ.

ಅವತ್ತು ಕಥೆ ಹೇಳಿದವರು ಮಿಲ್ಲಿನಣ್ಣ. ಕಿವಿ ಕೊಡೋದೇ ಬೇಕಾಗಿರಲಿಲ್ಲ, ಮಿಲ್ಲಿನ ದನಿ ವಾಪಸ್ ಬಂದಿತ್ತು.

"ಏಳನೇ ಬಾಗ್ಲು ರಾಜಕುಮಾರನ್ನ ನೋಡಿ ಹೇಳ್ತು. ನಿನ್ನ ನಿಜ ಎಲ್ಲಾ ಮುಗೀತು, ನೀನು ಪಕ್ಕಕ್ಕೆ ಸರಿ. ಇವನು ಇಲ್ಲೀಗಂಟ ಬಾಯಿ ಬುಟ್ಟಿಲ್ಲ. ಇವನು ಹೇಳಿದ್ರೇ ತೆಗೆಯೋದು."

"ಬಾಗ್ಲು ಹಂಗನ್ನಲ್ಲ ಕಣ್ಲಾ" ಅಂದ್ರು ಇವರು.

"ಅಂತದೆ. ಇವತ್ತು ಕಥೆ ಹೇಳೋನು ನಾನು."

ಮೇಲೆ ಸದ್ದಿಲ್ಲ. ಮತ್ತೆ "ಹೂಂ" ಅಂದು ಎದ್ದು ಬರ್ತಾರೆ, ಇಷ್ಟೇ ಇವರ ಹಣೆಬರಹ ಅಂದ್ಕೊಂಡೆ. ಆಗ ಇವರ ದನಿ ಬಂತು.

"ಮಂತ್ರಿ ಮಗ ಒಂದ್ಸಲ ಒಂದು ಕೂಸು ಎತ್ಕಂಡು ತೋಟದ ಬದೀಗೆ ಹೋಗಿದ್ದ. ಅವನದೇ ಕೂಸು. ಗುಂಡಿ ತೋಡ್ದ. ಇಳಿಸಾಕೆ ಕೈ ಬರ್ಲಿಲ್ಲ. ಎದೆ ಮ್ಯಾಲೆ ಮಲಗಿಸ್ಕಂಡು ಅಲ್ಲೇ ಕೂತ. ಬಿಸಿಲು ಬೀಳ್ತದೆ ಅಂತ ಟವಲು ಮರೆ ಹಿಡ್ಕಂಡು ಕೂತ. ಸತ್ತಿರೋ ಕೂಸಿಗೆ ಬಿಸಿಲು ಏನು ಮಾಡ್ತದೆ? ಆದ್ರೂ ಹಿಡ್ಕಂಡಿದ್ದ, ಹೊತ್ತು ಇಳಿಯಾಗಂಟ. ಮನೆಗೆ ಬಂದಾಗ ಹೆಂಡ್ತಿ, ಎಲ್ಲಿ ಕೂತಿದ್ರಿ ಅಂದ್ಲು. ಬಾಯಿ ಬುಟ್ರೆ ಅಲ್ಲೇ ಬಿದ್ದೋಗ್ತಿದ್ದ. ಅವನೂ ಬಿದ್ರೆ ಅವಳನ್ನ ಎತ್ತೋರು ಯಾರು? ಅದಕ್ಕೇ ದನಕ್ಕೆ ಹುಲ್ಲು ಹಾಕಾಕೆ ಹೋದ."

ಆಮೇಲೆ ಅಳು. ಅದು ಮಿಲ್ಲಿನಣ್ಣನ ಅಳು ಅಲ್ಲ. ನಾನು ಯಾವತ್ತೂ ಕೇಳದೇ ಇದ್ದ ಅಳು. "ಅಳ್ಲಾ, ಅಳು, ನಾನಿವ್ನಿ" ಅಂತ ಮಿಲ್ಲಿನಣ್ಣ ಅಂತಿದ್ರು, ಆ ದೊಡ್ಡ ದನೀನ ಎಷ್ಟು ಸಣ್ಣ ಮಾಡೋಕಾಗ್ತದೋ ಅಷ್ಟು ಸಣ್ಣ ಮಾಡಿ.

ಓಡಿಹೋಗಿ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ. ಅಲ್ಲೇ ನಿಂತೆ. ನಾನು ಮೇಲೆ ಹೋದ್ರೆ, ನನ್ನ ಮುಖ ಕಂಡ್ರೆ, ಇವರು ಮತ್ತೆ ಕಲ್ಲಾಗ್ತಾರೆ. ನನ್ನ ಮುಂದೆ ಬೀಳಬಾರದು ಅಂತ ತಾನೇ ಅಷ್ಟು ವರ್ಷ ನಿಂತಿದ್ದು? ಹಂಗಂತ ಆ ಕಣ್ಣು ಹೊತ್ಕೊಂಡು ಹೆಂಗೆ ಇಳಿದು ಬರ್ತಾರೆ? ಕೆಳಗೆ ನಾನಿದ್ದೀನಲ್ಲ, ಎಲ್ಲರ ಮುಖ ನೋಡೋಳು.

ಕಾಲು ಕೆಳಗಿಟ್ಟು ಸಿಪ್ಪೆ ಗುಡ್ಡೆ ಮಾಡಿದೆ, ನೀರು ಚಿಮುಕಿಸಿದೆ, ಕಡ್ಡಿ ಗೀರಿದೆ. ಈ ವರ್ಷದ ಕೊಬ್ಬರಿ ಕಪ್ಪಾದ್ರೆ ಆಗ್ಲಿ. ಹೊಗೆ ದಬ್ಬೆ ಸಂದಿನಿಂದ ಮೇಲೆ ಹೋಯ್ತು. ಸ್ವಲ್ಪ ಹೊತ್ತಿಗೆ ಇಬ್ಬರೂ ಕೆಮ್ಮುತ್ತಾ ಇಳಿದ್ರು. ಮಿಲ್ಲಿನಣ್ಣ ನನ್ನ ನೋಡಿದ್ರು, ಬೆಂಕಿ ನೋಡಿದ್ರು, ಏನೂ ಅನ್ನದೆ ಚಪ್ಪಲಿ ಮೆಟ್ಟಿಕೊಂಡು ಹೊರಟ್ರು. ಇವರು ಏಣಿ ಹಿಡ್ಕೊಂಡು ನಿಂತಿದ್ರು. ಅವತ್ತು ಇವರು ಬೈಯಲಿಲ್ಲ.

"ಏನ್ರೀ, ಕಣ್ಣೆಲ್ಲ ಕೆಂಪಗಾಗಿದೆ?" ಅಂದೆ.

"ಹೊಗೆ ಕಣೇ" ಅಂದ್ರು.

"ಹೂಂ" ಅಂದೆ.